ಮಲೆನಾಡೋ, ಕೊಡಗೋ, ನೀಲಗಿರಿಯೋ: ಗಾಲ್ಫ್ ಬ್ಯಾಗ್ ಹೊತ್ತು ಗುಡ್ಡದ ಕಡೆ ಹೊರಡುವ ಮುನ್ನ

ನಾಲ್ಕು ಜನ, ನಾಲ್ಕು ಗಾಲ್ಫ್ ಬ್ಯಾಗು, ಒಂದು ಸೆಡಾನ್ ಕಾರು. ಬೆಳಗಿನ ಐದು ಗಂಟೆಗೆ ಬೆಂಗಳೂರಿನ ನಮ್ಮ ಬೀದಿಯಲ್ಲಿ ನಿಂತು ಡಿಕ್ಕಿ ಮುಚ್ಚಲು ಅರ್ಧ ಗಂಟೆ ಒದ್ದಾಡಿದೆವು. ಕೊನೆಗೆ ನನ್ನ ಭಾವ ತನ್ನ ಬ್ಯಾಗನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಹಿಂದೆ ಕೂತ. ಮಂಡ್ಯ ದಾಟುವಷ್ಟರಲ್ಲಿ ಅವನ ಕಾಲು ಜೋಮು ಹಿಡಿದಿತ್ತು. ಮಧ್ಯಾಹ್ನ ವಿರಾಜಪೇಟೆ ಹತ್ತಿರ ಮೊದಲ ಟೀ ಮೇಲೆ, ಅಂದರೆ ಆಟ ಶುರು ಮಾಡುವ ಜಾಗದಲ್ಲಿ, ನಿಂತಾಗ ಚೆಂಡು ಬಿಟ್ಟು ಗಾಳಿಗೆ ಹೊಡೆದ. ತಪ್ಪು ಅವನದಲ್ಲ, ಪ್ಲಾನ್ ಮಾಡಿದ ನನ್ನದು.

ಅದಾದ ಮೇಲೆ ಚಳಿಗಾಲ ಬಂದರೆ ನಾವು ನಾಲ್ವರೂ ಎಲ್ಲಾದರೂ ಗುಡ್ಡದ ಕಡೆ ಹೊರಡುತ್ತೇವೆ. ಯಾರೂ ದೊಡ್ಡ ಆಟಗಾರರಲ್ಲ. ನನ್ನ ಹ್ಯಾಂಡಿಕ್ಯಾಪ್ 22, ಅಂದರೆ ಒಳ್ಳೆಯ ಆಟಗಾರನಿಗಿಂತ ಒಂದು ಸುತ್ತಿಗೆ ಸುಮಾರು 22 ಹೊಡೆತ ಜಾಸ್ತಿ. ಇಷ್ಟು ವರ್ಷದಲ್ಲಿ ಗೊತ್ತಾದದ್ದು ಒಂದೇ. ಗುಡ್ಡದ ಗಾಲ್ಫ್ ಪ್ರವಾಸ ಕೆಡುವುದು ಕೋರ್ಸಿನಲ್ಲಿ ಅಲ್ಲ, ರಸ್ತೆಯಲ್ಲಿ. ಯಾವ ಕೋರ್ಸು ಚೆನ್ನಾಗಿದೆ ಎಂದು ಕೇಳುವ ಮೊದಲು, ಅಲ್ಲಿಗೆ ಹೋಗುವಾಗ ಎಷ್ಟು ತಿರುವು, ಯಾವ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ, ಜೊತೆಗೆ ಬಂದವರಲ್ಲಿ ಆಡದವರು ಎಷ್ಟು ಜನ, ಇಷ್ಟು ಕೇಳಬೇಕು. ಈ ಲೆಕ್ಕದಲ್ಲೇ ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ನಾಲ್ಕನೆಯದು ಕೊಡೈಕೆನಾಲ್. ಅದಕ್ಕೆ ಕೊನೆಯಲ್ಲಿ ನಾಲ್ಕು ಮಾತು ಸಾಕು.

ಕೊಡಗು: ಮೊದಲ ಸಲಕ್ಕೆ ಇದೇ

ಬೆಂಗಳೂರಿನಿಂದ ಮೈಸೂರು, ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ. ಒಟ್ಟು 240 ಕಿಲೋಮೀಟರ್ ಆಸುಪಾಸು. ಮೈಸೂರಿನ ತನಕ ಎಕ್ಸ್‌ಪ್ರೆಸ್‌ವೇ ಇರುವುದರಿಂದ ಅರ್ಧ ದಾರಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮುಗಿಯುತ್ತದೆ. (ಮದ್ದೂರು ವಡೆ ತಿನ್ನಬೇಕು ಅಂದರೆ ಮಾತ್ರ ಈಗ ಬೇಕೆಂದೇ ಕೆಳಗಿಳಿದು ಹಳೆಯ ರಸ್ತೆ ಹಿಡಿಯಬೇಕು. ನಾವು ಇಳಿಯುತ್ತೇವೆ.) ಹುಣಸೂರು ದಾಟಿದ ಮೇಲೆ ಕಾಡು ಶುರು. ಆದರೂ ಘಾಟಿ ಎನ್ನುವಂಥ ಘಾಟಿ ಈ ದಾರಿಯಲ್ಲಿ ಇಲ್ಲ. ಕಾರಲ್ಲಿ ವಾಂತಿ ಮಾಡುವವರು ಜೊತೆಗಿದ್ದರೆ ಇದೊಂದೇ ಸಾಕು ಕೊಡಗನ್ನು ಆರಿಸಿಕೊಳ್ಳಲು.

ಆಡಲು ಎರಡು ಜಾಗ. ಒಂದು ವಿರಾಜಪೇಟೆ ಹತ್ತಿರ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, 18 ಹೋಲ್. ಇನ್ನೊಂದು ಮಡಿಕೇರಿಯ ಮರ್ಕರಾ ಡೌನ್ಸ್. ಎರಡರ ನಡುವೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಎರಡು ರಾತ್ರಿ ಒಂದೇ ಕಡೆ ತಂಗಿ ಎರಡನ್ನೂ ಆಡಬಹುದು. ಪೆಟ್ಟಿಗೆ ಕಟ್ಟಿ ಬಿಚ್ಚುವ ಗೋಜಿಲ್ಲ.

ಎರಡರ ಸ್ವಭಾವ ಬೇರೆ ಬೇರೆ. ಬಿಟ್ಟಂಗಾಲದ್ದು ಕಾಫಿ ತೋಟಗಳ ಸೀಮೆ. ಅಲ್ಲಿ ನೇರ ಹೊಡೆಯುವವನಿಗೆ ಮರ್ಯಾದೆ. ದೂರ ಹೊಡೆಯುವವನಿಗೆ ಪಾಠ. ನನ್ನ ಸ್ಲೈಸು, ಅಂದರೆ ಬಲಕ್ಕೆ ಬಾಗಿ ಹೋಗುವ ಹೊಡೆತ, ಮೊದಲ ದಿನವೇ ಆರು ಚೆಂಡು ತಿಂದಿತು. ಮೂರನೆಯ ಚೆಂಡು ಗಿಡಗಳ ಸಂದಿಗೆ ನುಗ್ಗಿದಾಗ ನಾನು ಹುಡುಕಲು ಹೊರಟೆ. ಕ್ಯಾಡಿ ಹುಡುಗ ಬ್ಯಾಗು ಕೆಳಗಿಟ್ಟು, "ಬೇಡ ಸಾರ್, ಇನ್ನೊಂದು ಹೊಡೀರಿ. ಅದು ಈಗ ತೋಟದವರದ್ದು" ಎಂದ. ಅವನ ಮಾತಿನಲ್ಲಿ ಆನೆಯ ಲೆಕ್ಕವೂ ಇತ್ತು ಎಂದು ಆಮೇಲೆ ಗೊತ್ತಾಯಿತು. ದಕ್ಷಿಣ ಕೊಡಗಿನಲ್ಲಿ, ಅದರಲ್ಲೂ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆ, ತೋಟದೊಳಗೆ ಕಾಡಾನೆ ತಂಗುವುದು ದಿನನಿತ್ಯದ ಮಾತು. ಇನ್ನೂರು ರೂಪಾಯಿ ಚೆಂಡಿಗಾಗಿ ಪೊದೆಗೆ ಕೈ ಹಾಕಬೇಡಿ. ಕತ್ತಲಾದ ಮೇಲೆ ತೋಟದ ಒಳದಾರಿಗಳಲ್ಲಿ ಕಾರು ಓಡಿಸಬೇಡಿ.

ಮಡಿಕೇರಿಯ ಕೋರ್ಸಿನ ಹೆಸರು ಕೇಳಿ ಇಳಿಜಾರು ಎಂದುಕೊಂಡರೆ ಮೋಸ ಹೋಗುತ್ತೀರಿ. ಇಂಗ್ಲೆಂಡಿನ ದಕ್ಷಿಣದಲ್ಲಿ ಹುಲ್ಲು ಹೊದ್ದ ಉಬ್ಬುತಗ್ಗಿನ ಗುಡ್ಡಗಳಿಗೆ ಡೌನ್ಸ್ ಎನ್ನುತ್ತಾರೆ. ಬ್ರಿಟಿಷರು ಊರು ನೆನಪಾಗಿ ಇಲ್ಲಿಯೂ ಆ ಹೆಸರಿಟ್ಟರು. ಅಂದರೆ ಹತ್ತುವುದೂ ಇದೆ, ಇಳಿಯುವುದೂ ಇದೆ. ಚೆಂಡು ಚಪ್ಪಟೆ ನೆಲದ ಮೇಲೆ ನಿಂತರೆ ಅದೃಷ್ಟ. ಬಲಗೈ ಆಟಗಾರರಿಗೆ ಒಂದು ಗುಟ್ಟು. ಚೆಂಡು ಪಾದಕ್ಕಿಂತ ಮೇಲಿದ್ದರೆ ಹೊಡೆತ ಎಡಕ್ಕೆ ಎಳೆಯುತ್ತದೆ, ಕೆಳಗಿದ್ದರೆ ಬಲಕ್ಕೆ ಜಾರುತ್ತದೆ. ಬೆಂಗಳೂರಿನ, ಹುಲ್ಲು ಕತ್ತರಿಸಿದ ಸಪಾಟು ಪಟ್ಟಿಯಾದ ಫೇರ್‌ವೇಯಲ್ಲಿ ಕಲಿತವರು ಇದನ್ನು ಮರೆತು, ತಮ್ಮ ಸ್ವಿಂಗ್ ಕೆಟ್ಟಿತು ಎಂದು ದಿನವಿಡೀ ಗೋಳಾಡುತ್ತಾರೆ. ಕೆಟ್ಟಿರುವುದಿಲ್ಲ. ಸುಮ್ನೆ ಗುರಿಯನ್ನು ಹತ್ತು ಹೆಜ್ಜೆ ಆಚೆ ಇಟ್ಟುಕೊಂಡರೆ ಆಯಿತು.

ಆಡದವರಿಗೆ ಕೊಡಗಿನಲ್ಲಿ ಬೇಸರವಿಲ್ಲ. ಬೈಲುಕುಪ್ಪೆಯ ಟಿಬೆಟನ್ ದೇಗುಲ, ದುಬಾರೆ, ತಲಕಾವೇರಿ ಎಲ್ಲ ಅರ್ಧ ದಿನದ ದಾರಿ. ಊಟದ ವಿಷಯದಲ್ಲಂತೂ ಮೂರೂ ದಾರಿಗಳಲ್ಲಿ ಕೊಡಗಿನದೇ ಮೇಲುಗೈ. ಬೆಳಿಗ್ಗೆ ನೂಪುಟ್ಟು, ರಾತ್ರಿ ಕಡಂಬಟ್ಟು ಮತ್ತು ಪಂದಿ ಕರಿ. ಒಂದು ಎಚ್ಚರಿಕೆ: ಪಂದಿ ಕರಿಯನ್ನು ಆಟದ ಹಿಂದಿನ ರಾತ್ರಿ ಹದವಾಗಿ ತಿನ್ನಿ. ನಮ್ಮಲ್ಲೊಬ್ಬ ಹದ ಮೀರಿದ. ಬೆಳಿಗ್ಗೆ ಅವನು ಒಂಬತ್ತು ಹೋಲ್‌ಗೇ ಕೈಮುಗಿದ.

ನೀಲಗಿರಿ: ಆಟ ಮುಖ್ಯ ಎನ್ನುವವರಿಗೆ

ಕೊಡಗಿನಲ್ಲಿ ಪ್ರವಾಸದ ಜೊತೆ ಗಾಲ್ಫ್. ಊಟಿಯಲ್ಲಿ ಗಾಲ್ಫಿನ ಜೊತೆ ಪ್ರವಾಸ. ಊಟಿ ಜಿಮ್ಖಾನಾ ಕ್ಲಬ್ಬಿನ 18 ಹೋಲ್ ಕೋರ್ಸು ವೆನ್ಲಾಕ್ ಡೌನ್ಸ್ ಮೇಲಿದೆ. ಇಲ್ಲೂ ಮತ್ತದೇ ಡೌನ್ಸ್. 1890ರ ದಶಕದಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ವೆನ್ಲಾಕ್ ಹೆಸರು ಅದು. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. ಒಂದರ ಹಿಂದೊಂದು ಹುಲ್ಲಿನ ದಿಬ್ಬ, ಅಂಚಿನಲ್ಲಿ ಮರಗಳ ಸಾಲು. ನಮ್ಮ ಕಡೆ ಇಂಥ ನೆಲದ ಮೇಲೆ ಆಡುವ ಅವಕಾಶ ಬೇರೆಲ್ಲೂ ಸಿಗಲಿಲ್ಲ.

ಅಲ್ಲಿಯ ವೈರಿ ಮರವಲ್ಲ, ಗಾರ್ಸ್ ಎಂಬ ಹಳದಿ ಹೂವಿನ ಮುಳ್ಳಿನ ಪೊದೆ. ಬ್ರಿಟಿಷರ ಜೊತೆ ಬಂದ ಗಿಡ. ಈಗ ನೀಲಗಿರಿಯ ಹುಲ್ಲುಗಾವಲಿಗೇ ತಲೆನೋವು. ದೂರದಿಂದ ನೋಡಲು ಹಬ್ಬ. ಚೆಂಡು ಒಳಗೆ ಹೋದರೆ ಕೈ ಗೀಚಿಕೊಂಡು ಬರುತ್ತೀರಿ. 2019ರ ನಿಯಮದ ಪ್ರಕಾರ ಚೆಂಡು ಹುಡುಕಲು ಮೂರೇ ನಿಮಿಷ. ಮೊದಲು ಐದಿತ್ತು. ಹಾಗಾಗಿ ಹೊಡೆತ ಪೊದೆ ಕಡೆ ಹೋಯಿತು ಅನ್ನಿಸಿದ ಕ್ಷಣವೇ ಎರಡನೆಯ ಚೆಂಡು, ಅದೇ ಪ್ರಾವಿಷನಲ್, ಹೊಡೆದುಬಿಡಿ. ಗೆಳೆಯರ ಆಟವಾದರೆ ಟೀ ಆಫ್‌ಗೆ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಚೆಂಡು ಕಳೆದರೆ ಫೇರ್‌ವೇ ಅಂಚಿನಲ್ಲಿ ಬಿಟ್ಟು ಎರಡು ಸ್ಟ್ರೋಕ್ (ಹೊಡೆತ) ಸೇರಿಸುವುದು. 2019ರಿಂದ ಕ್ಲಬ್ಬುಗಳು ಇದನ್ನು ಲೋಕಲ್ ರೂಲ್ ಆಗಿ ಇಟ್ಟುಕೊಳ್ಳಬಹುದು. ಗುಡ್ಡದಲ್ಲಿ ಟೀಗೆ ವಾಪಸ್ ಹತ್ತುವ ಶ್ರಮ ಉಳಿಯುತ್ತದೆ, ಹಿಂದೆ ಕಾಯುತ್ತಿರುವವರ ಶಾಪವೂ ತಪ್ಪುತ್ತದೆ.

ಎತ್ತರದ ಲೆಕ್ಕದ ಬಗ್ಗೆ ಒಂದು ಮಾತು. ಗಾಳಿ ತೆಳುವಾಗಿರುವುದರಿಂದ ಊಟಿಯಲ್ಲಿ ಚೆಂಡು ಹೆಚ್ಚು ದೂರ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಎಂಟೊಂಬತ್ತು ಶೇಕಡಾ ಜಾಸ್ತಿ ಎನ್ನಬಹುದು. ಆದರೆ ಬೆಂಗಳೂರಿನವರು ಆಗಲೇ 900 ಮೀಟರ್ ಎತ್ತರದಲ್ಲಿ ಆಡುತ್ತಿದ್ದೇವೆ, ಅಲ್ವಾ? ನಮಗೆ ಸಿಗುವ ಲಾಭ ಐದು ಶೇಕಡಾ ಅಷ್ಟೇ. ಇಲ್ಲಿ ಚೆಂಡನ್ನು 150 ಯಾರ್ಡ್ ಕಳಿಸುವ ಕ್ಲಬ್ಬು (ಹೊಡೆಯುವ ಕೋಲು) ಅಲ್ಲಿ 157 ಕಳಿಸೀತು. ಬೆಳಗಿನ ಏಳು ಗಂಟೆಯ ಚಳಿಯಲ್ಲಿ ಚೆಂಡು ಗಟ್ಟಿಯಾಗಿ, ನಾವು ಎರಡು ಸ್ವೆಟರ್ ಹಾಕಿ ಹೊಡೆಯುವಾಗ ಆ ಏಳು ಯಾರ್ಡೂ ಹೋಯಿತೆಂದೇ ತಿಳಿಯಿರಿ. ಮಂಗಳೂರಿನಿಂದ ಬರುವವರಿಗೆ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಮಡಿಕೇರಿ, ಚಿಕ್ಕಮಗಳೂರು ಬೆಂಗಳೂರಿಗಿಂತ ಇನ್ನೂರು ಮೀಟರ್ ಮೇಲಿವೆ ಅಷ್ಟೇ. ಅಲ್ಲಿ ಈ ತಲೆಬಿಸಿ ಬೇಡ.

ಎರಡನೆಯ ಸುತ್ತಿಗೆ ಕೂನೂರಿನ ಪಕ್ಕದ ವೆಲಿಂಗ್ಟನ್ ಜಿಮ್ಖಾನಾ ಇದೆ. ಊಟಿಯಿಂದ ಕೂನೂರಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಅದು ಸೇನೆಯ ಊರು. ಗುರುತಿನ ಚೀಟಿ ಕೈಯಲ್ಲಿರಲಿ. ಊಟಿಯಷ್ಟು ಬಯಲಲ್ಲ, ಕಣಿವೆಯ ಮಡಿಲು. ಗಾಳಿ ಕಡಿಮೆ. ನನಗೆ ಆಡಲು ಊಟಿ ಇಷ್ಟ, ಕೂತು ನೋಡಲು ವೆಲಿಂಗ್ಟನ್. ಆಡದವರನ್ನು ಆ ದಿನ ಊಟಿಯಲ್ಲಿ ಪುಟಾಣಿ ರೈಲು ಹತ್ತಿಸಿ. ಅವರು ಕೂನೂರಿನಲ್ಲಿ ಇಳಿದು ಸಿಮ್ಸ್ ಪಾರ್ಕ್ ನೋಡುವಷ್ಟರಲ್ಲಿ ನಿಮ್ಮ ಆಟ ಮುಗಿದಿರುತ್ತದೆ. ಟಿಕೆಟ್ ಮೊದಲೇ ಮಾಡಿಸಿರಬೇಕು. ಚಹಾದ ಜೊತೆ ಊಟಿ ವರ್ಕಿ ಮರೆಯಬೇಡಿ.

ಭಾಷೆಯ ಚಿಂತೆ ಬೇಡ. ತಮಿಳು ಬಾರದಿದ್ದರೂ ನಡೆಯುತ್ತದೆ. ಒಮ್ಮೆ ನಮಗೆ ಸಿಕ್ಕ ಕ್ಯಾಡಿ ಬಡಗರವರು. ಬಡಗ ನುಡಿ ಕನ್ನಡಕ್ಕೆ ತೀರಾ ಹತ್ತಿರ. ಅವರ ಊರುಗಳಿಗೂ ಹಟ್ಟಿ ಎಂದೇ ಹೆಸರು. ಅರ್ಧ ಅವರು, ಅರ್ಧ ನಾವು ಮಾತಾಡಿ ಹದಿನೆಂಟು ಹೋಲ್ ಮುಗಿಸಿದೆವು. ಗ್ರೀನ್ ಮೇಲೆ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಚೆಂಡು ಯಾವ ಕಡೆ ವಾಲುತ್ತದೆ ಎಂದು ಅವರು ಹೇಳಿದ್ದನ್ನು ನಾನು ನಂಬದೆ ಗುಳಿಗೆ ಉರುಳಿಸಲು ಹೊಡೆದ ನಾಲ್ಕು ಪಟ್‌ಗಳೂ ತಪ್ಪಿದವು. ಗುಡ್ಡದಲ್ಲಿ ಕಣ್ಣು ಸುಳ್ಳು ಹೇಳುತ್ತದೆ. ಇಡೀ ಬೆಟ್ಟವೇ ಒಂದು ಕಡೆ ಇಳಿದಿರುವಾಗ ಅದರ ಮೇಲಿನ ಗ್ರೀನ್ ಸಮ ಇದ್ದಂತೆ ಕಾಣುತ್ತದೆ. ಕ್ಯಾಡಿ ಹೇಳಿದ್ದೇ ಸರಿ.

ಇನ್ನು ನೀಲಗಿರಿಯ ಕಷ್ಟ. ಅದು ರಸ್ತೆ. ಬೆಂಗಳೂರಿನಿಂದ ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ಮೂಲಕ ಊಟಿಗೆ 300 ಕಿಲೋಮೀಟರಿನ ಹತ್ತಿರ. ಮಸಿನಗುಡಿ, ಕಲ್ಹಟ್ಟಿ ಮೂಲಕ ಹೋದರೆ ಮೂವತ್ತು ಕಿಲೋಮೀಟರ್ ಉಳಿತಾಯ. ಆದರೆ ಆ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಕಾದು ಅಪಘಾತಗಳಾಗಿರುವುದರಿಂದ ಹೊರಗಿನ ಗಾಡಿಗಳನ್ನು ಆ ದಾರಿಯಲ್ಲಿ ಇಳಿಯಲು ಬಿಡುವುದಿಲ್ಲ. ಹೋಗುವಾಗ ಅಲ್ಲಿ ಹತ್ತಿದರೂ ಬರುವಾಗ ಗೂಡಲೂರು ದಾರಿಯೇ. ನಾನು ಎರಡೂ ಸಲ ಗೂಡಲೂರನ್ನೇ ಹಿಡಿಯುತ್ತೇನೆ. ಸೊಂಟ ಉಳಿದರೆ ತಾನೇ ಸ್ವಿಂಗ್.

ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಇದನ್ನು ಟೀ ಟೈಮಿನ (ಆಟ ಶುರುವಾಗುವ ಹೊತ್ತಿನ) ಜೊತೆ ಕೂಡಿಸಿ ನೋಡಬೇಕು. ಕೊನೆಯ ದಿನ ಬೆಳಿಗ್ಗೆ 7ಕ್ಕೆ ಆಟ ಶುರುವಾದರೆ 12ಕ್ಕೆ ಮುಗಿಯುತ್ತದೆ. ಊಟ ಮಾಡಿ 2ಕ್ಕೆ ಹೊರಟರೆ ಬೆಳಕಿರುವಾಗಲೇ ಗುಂಡ್ಲುಪೇಟೆ. ಮಧ್ಯಾಹ್ನ 12ಕ್ಕೆ ಶುರು ಮಾಡಿದರೆ ಮುಗಿಯುವುದು 5ಕ್ಕೆ. ಸ್ನಾನ, ಕಾಫಿ, ಬಿಲ್ಲು ಎಂದು 6 ಆಯಿತೆನ್ನಿ. ಕತ್ತಲಲ್ಲಿ ಘಾಟಿ ಇಳಿದು ಕೆಕ್ಕನಹಳ್ಳ ಚೆಕ್‌ಪೋಸ್ಟ್ ಮುಟ್ಟುವ ತನಕ ಕಾರಿನೊಳಗೆ ಯಾರೂ ಮಾತಾಡುವುದಿಲ್ಲ. ಎಲ್ಲರ ಕಣ್ಣು ಗಡಿಯಾರದ ಮೇಲೆ. ಒಂದು ಸಲ ಅನುಭವಿಸಿದ್ದೇವೆ, ಸಾಕು.

ಇ-ಪಾಸ್ ಇನ್ನೊಂದು. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2024ರ ಮೇ ತಿಂಗಳಿಂದ ಊಟಿ ಮತ್ತು ಕೊಡೈಕೆನಾಲ್‌ಗೆ ಹೋಗುವ ಹೊರಗಿನ ವಾಹನಗಳಿಗೆ ಆನ್‌ಲೈನ್ ಪಾಸ್ ಬೇಕು. ಗಾಡಿಯ ನಂಬರು, ಜನ ಎಷ್ಟು, ಎಲ್ಲಿ ತಂಗುತ್ತೀರಿ ಎಂದು ತುಂಬಬೇಕು. ಬೇಸಿಗೆ ರಜೆಯ ದಿನಗಳಲ್ಲಿ ಪಾಸಿನ ಸಂಖ್ಯೆಗೂ ಮಿತಿ ಹಾಕಿದ್ದಾರೆ. ಮನೆಯಲ್ಲೇ ಮಾಡಿಟ್ಟುಕೊಂಡು ಹೊರಡಿ. ಬಂಡೀಪುರದ ಕಾಡಿನಲ್ಲಿ ನೆಟ್‌ವರ್ಕ್ ಹುಡುಕುತ್ತಾ ಕೂರಬೇಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯಬೇಡಿ, ನೀಲಗಿರಿಯಲ್ಲಿ ನಿಷೇಧವಿದೆ. ಸ್ಟೀಲ್ ಬಾಟಲಿ ಬ್ಯಾಗಿಗೆ ಸಿಕ್ಕಿಸಿಕೊಳ್ಳಿ.

ಚಿಕ್ಕಮಗಳೂರು: ವಾರಾಂತ್ಯಕ್ಕೆ

ನಗರದ ಪಕ್ಕದಲ್ಲೇ ಮೂಗ್ತಿಹಳ್ಳಿ ಕಡೆ ಗಾಲ್ಫ್ ಕ್ಲಬ್ ಇದೆ. ಬೆಂಗಳೂರಿನಿಂದ ಹಾಸನ, ಬೇಲೂರು ದಾರಿಯಲ್ಲಿ ಸುಮಾರು 245 ಕಿಲೋಮೀಟರ್. ರಸ್ತೆ ಸಲೀಸು. ಕೋರ್ಸಿಗೆ ಹೋಗಲು ಗುಡ್ಡ ಹತ್ತಬೇಕಾಗಿಲ್ಲ, ಗುಡ್ಡ ನೋಡಿಕೊಂಡು ಆಡಬಹುದು. ಮಂಡಿ ನೋವಿನವರು, ಅಪ್ಪನನ್ನೋ ಮಾವನನ್ನೋ ಜೊತೆಗೆ ಕರೆದುಕೊಂಡು ಹೋಗುವವರು ಇದನ್ನೇ ಆರಿಸಿಕೊಳ್ಳಿ. ಆಡದವರಿಗೆ ಬೇಲೂರು ದಾರಿಯಲ್ಲೇ ಸಿಗುತ್ತದೆ, ಹಳೇಬೀಡು ಸ್ವಲ್ಪ ಸುತ್ತು. ಕೊರತೆ ಏನೆಂದರೆ ಎರಡನೆಯ ಕೋರ್ಸು ಹತ್ತಿರದಲ್ಲಿಲ್ಲ. ಎರಡು ದಿನ ಒಂದನ್ನೇ ಆಡಬೇಕು. ನನಗೆ ಅದು ಕೊರತೆ ಅನ್ನಿಸಿಲ್ಲ. ಮೊದಲ ದಿನ ಕೋರ್ಸು ನಮ್ಮನ್ನು ಆಡಿಸುತ್ತದೆ, ಎರಡನೆಯ ದಿನ ನಾವು ಅದನ್ನು.

ಕೆಲವರು ಚಿಕ್ಕಮಗಳೂರು ಮತ್ತು ಕೊಡಗನ್ನು ಒಂದೇ ಪ್ರವಾಸದಲ್ಲಿ ಕಟ್ಟುತ್ತಾರೆ. ಸಕಲೇಶಪುರ, ಶನಿವಾರಸಂತೆ, ಸೋಮವಾರಪೇಟೆ ಮೂಲಕ ಮಡಿಕೇರಿಗೆ 150 ಕಿಲೋಮೀಟರಿನಷ್ಟು. ನಕ್ಷೆಯಲ್ಲಿ ಚಿಕ್ಕದಾಗಿ ಕಾಣುತ್ತದೆ. ತೋಟಗಳ ನಡುವೆ ಸುತ್ತಿ ಸುತ್ತಿ ಹೋಗುವ ಆ ದಾರಿಗೆ ನಾಲ್ಕು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ನಾಲ್ಕು ದಿನ ರಜೆ ಇದ್ದರೆ ಚೆಂದದ ದಾರಿ. ಮೂರು ದಿನಕ್ಕೆ ಬೇಡ. ನಡುವಿನ ದಿನ ಆಟ ಇಟ್ಟುಕೊಳ್ಳಲೇಬೇಡಿ.

ಕೊಡೈಕೆನಾಲ್

1895ರ ಹಳೆಯ ಕ್ಲಬ್ಬು, 18 ಹೋಲ್, ಫೇರ್‌ವೇ ಮೇಲೆ ಕಾಟಿಗಳು (ಕಾಡುಕೋಣಗಳು) ಮೇಯುತ್ತವೆ. ಆಸೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಬೆಂಗಳೂರಿನಿಂದ 460 ಕಿಲೋಮೀಟರ್. ಹೋಗಲು ಒಂದು ದಿನ, ಬರಲು ಒಂದು ದಿನ. ಐದು ದಿನ ಇಲ್ಲದವರು ಅದನ್ನು ಮರೆಯುವುದು ಒಳ್ಳೆಯದು. ಕಾಟಿಗೆ ದಾರಿ ಬಿಡಿ, ಅದು ನಿಮ್ಮ ಪಟ್ಟಿಂಗ್ ಮುಗಿಯಲಿ ಎಂದು ಕಾಯುವುದಿಲ್ಲ.

ಯಾವಾಗ

ಜೂನ್‌ನಿಂದ ಸೆಪ್ಟೆಂಬರ್ ಕೊಡಗು, ಚಿಕ್ಕಮಗಳೂರು ಎರಡನ್ನೂ ಬಿಟ್ಟುಬಿಡಿ. ಮಳೆ ಚೆಂದ ಎನ್ನುವುದು ಕಿಟಕಿಯೊಳಗಿಂದ ನೋಡುವವರ ಮಾತು. ಫೇರ್‌ವೇಯಲ್ಲಿ ಚೆಂಡು ಬಿದ್ದಲ್ಲೇ ಹೂತುಹೋಗುತ್ತದೆ. ಸಾಕ್ಸ್ ಒಳಗೆ ಇಂಬಳ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಊಟಿಗೆ ಅಕ್ಟೋಬರ್, ನವೆಂಬರ್‌ನಲ್ಲೂ ಹಿಂಗಾರು ಮಳೆ ಬೀಳುತ್ತದೆ. ಕೊಡಗು ಒಣಗಿತು ಎಂದು ಊಟಿಯೂ ಒಣಗಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಊಟಿಯ ಹುಲ್ಲಿನ ಮೇಲೆ ಬೆಳಿಗ್ಗೆ ಬಿಳಿ ಹಿಮ ಕೂತಿರುತ್ತದೆ. ಆ ದಿನಗಳಲ್ಲಿ ಟೀ ಟೈಮು ಒಂಬತ್ತಕ್ಕೆ ಸರಿಸಿ ಎಂದು ಕೇಳಿ. ಚೆಂಡನ್ನು ಜೇಬಿನಲ್ಲಿ ಬೆಚ್ಚಗಿಡಿ.

ನನ್ನ ಆಯ್ಕೆ ಫೆಬ್ರವರಿ ಕೊನೆ, ಮಾರ್ಚ್ ಮೊದಲು. ಅದೃಷ್ಟವಿದ್ದರೆ ಹೂಮಳೆ ಬಿದ್ದು ವಾರ ಹತ್ತು ದಿನದಲ್ಲಿ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿರುತ್ತದೆ. ಆ ವಾಸನೆಗೆ ಒಂದೇ ಹೋಲ್‌ನಲ್ಲಿ ಮೂರು ಹೊಡೆತ ಹೆಚ್ಚಾದ ಟ್ರಿಪಲ್ ಬೋಗಿಯೂ ಮರೆತುಹೋಗುತ್ತದೆ.

ಒಳಗೆ ಬಿಡುತ್ತಾರಾ?

ಇವು ಹೆಚ್ಚಿನವು ಸದಸ್ಯರ ಕ್ಲಬ್ಬುಗಳು. ಹೊರಗಿನವರಿಗೆ ಗ್ರೀನ್ ಫೀ ಕಟ್ಟಿಸಿಕೊಂಡು ಬಿಡುವುದುಂಟು, ಆದರೆ ಯಾವ ದಿನ, ಎಷ್ಟು ಗಂಟೆಗೆ ಎನ್ನುವುದು ಅವರಿಷ್ಟ. ನಿಮ್ಮ ಊರಿನ ಕ್ಲಬ್ಬಿಗೆ ಅವರ ಜೊತೆ ಅಫಿಲಿಯೇಶನ್ ಇದ್ದರೆ ಸೆಕ್ರೆಟರಿಯಿಂದ ಪತ್ರ ತನ್ನಿ. ಫೀಯೂ ಕಡಿಮೆ, ಕೋಣೆಯೂ ಸಿಗಬಹುದು. ನಾವೊಮ್ಮೆ ಪತ್ರವಿಲ್ಲದೆ, ಫೋನೂ ಮಾಡದೆ ಭಾನುವಾರ ಒಂದು ಕ್ಲಬ್ಬಿನ ಗೇಟಿಗೆ ಹೋಗಿ ನಿಂತೆವು. ಒಳಗೆ ಸದಸ್ಯರ ಟೂರ್ನಮೆಂಟ್. ಕಾವಲಿನವರು ಬಹಳ ಮರ್ಯಾದೆಯಿಂದಲೇ ವಾಪಸ್ ಕಳಿಸಿದರು. ಅಂದಿನಿಂದ ಸೋಮವಾರ, ಮಂಗಳವಾರಕ್ಕೇ ಆಟ ಇಟ್ಟುಕೊಳ್ಳುತ್ತೇವೆ. ಹಿಂದಿನ ದಿನ ಸಂಜೆ ಇನ್ನೊಮ್ಮೆ ಫೋನ್ ಮಾಡುತ್ತೇವೆ. ಕಾಲರ್ ಇರುವ ಟೀ ಶರ್ಟ್ ಹಾಕಿ. ಜೀನ್ಸ್ ಬೇಡ.

ಖರ್ಚು ಹೋಲಿಸುವಾಗ ಗ್ರೀನ್ ಫೀ ಒಂದನ್ನೇ ನೋಡಬೇಡಿ. ಕ್ಯಾಡಿಗೆ ಕೊಡುವುದು, ಟಿಪ್ಸ್, ಕಳೆಯುವ ಚೆಂಡು, ಪೆಟ್ರೋಲು ಎಲ್ಲ ಸೇರಿಸಿದರೆ ಫೀ ಚಿಕ್ಕದಾಗಿಬಿಡುತ್ತದೆ. ಗುಡ್ಡದಲ್ಲಿ ಕಾರ್ಟ್ ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕರೂ ಎಲ್ಲ ಕಡೆ ಹತ್ತುವುದಿಲ್ಲ. ನಡೆಯುವುದೇ ಎಂದುಕೊಂಡು ಹೊರಡಿ. ನಿಯಮ 14 ಕ್ಲಬ್ಬಿನ ತನಕ ಬಿಡುತ್ತದೆ. ನಾನು ಒಂಬತ್ತು ಒಯ್ಯುತ್ತೇನೆ, ಎಲ್ಲಕ್ಕಿಂತ ಉದ್ದದ ಕ್ಲಬ್ಬಾದ ಡ್ರೈವರನ್ನು ಮನೆಯಲ್ಲೇ ಬಿಡುತ್ತೇನೆ. ಬ್ಯಾಗು ಹೊರುವವರು ನಮ್ಮ ಹಾಗೆಯೇ ಏರು ಹತ್ತಬೇಕಲ್ಲ.

ಕಾರಿನ ಮಾತು ಬಾಕಿ ಇತ್ತು. ಸೆಡಾನ್ ಡಿಕ್ಕಿಗೆ ಎರಡು ಬ್ಯಾಗು, ಕಷ್ಟಪಟ್ಟರೆ ಮೂರು. ನಾಲ್ಕು ಜನ ಹೋಗುವುದಾದರೆ ಕೊನೆಯ ಸಾಲು ಮಡಚಬಹುದಾದ ಏಳು ಸೀಟಿನ ಗಾಡಿಯೇ ಬೇಕು. ಅದೂ ಇಲ್ಲವೆಂದರೆ ಇಬ್ಬರು ಒಂದೇ ಬ್ಯಾಗಿನಲ್ಲಿ ಕ್ಲಬ್ಬು ತುಂಬಿ ಒಯ್ದು, ಅಲ್ಲಿ ಮುಟ್ಟಿದ ಮೇಲೆ ಇನ್ನೊಂದು ತೆಳು ಬ್ಯಾಗಿಗೆ ಹಂಚಿಕೊಳ್ಳಿ. ಬ್ಯಾಗಿನ ತಲೆಗೆ ಹಳೆಯ ಟವೆಲ್ ಸುತ್ತಿ. ಇಲ್ಲವಾದರೆ ಗೂಡಲೂರು ಘಾಟಿಯ ಪ್ರತಿ ತಿರುವಿನಲ್ಲೂ ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು ಕೇಳುತ್ತಾ ಕೂರಬೇಕು.